ಎರಡು ನಗರ, ಎರಡು ಸಂಬಳ, ಇಬ್ಬರು ಮಕ್ಕಳ ಶಾಲೆ: ಆಸ್ಟ್ರೇಲಿಯಾದ ತಾತ್ಕಾಲಿಕ ಉದ್ಯೋಗ ವೀಸಾದ ಒಂದು ಪ್ರಕರಣ

ತಾತ್ಕಾಲಿಕ ಉದ್ಯೋಗ ವೀಸಾದ ಮೇಲೆ ಭಾರತದಿಂದ ಆಸ್ಟ್ರೇಲಿಯಾಕ್ಕೆ ಹೊರಟ ನಾಲ್ವರ ಕುಟುಂಬವೊಂದು ಮಕ್ಕಳ ಶಾಲೆಯ ಖರ್ಚನ್ನು ಹೇಗೆ ಹೊಂದಿಸಿಕೊಂಡಿತು ಎಂಬುದು ಈ ಅಧ್ಯಯನದ ವಿಷಯ. ಇದು ಯಾವುದೋ ಒಂದು ಮನೆಯ ಯಥಾವತ್ ಕಥೆಯಲ್ಲ. ಇಂಥ ವೀಸಾದಲ್ಲಿ ಹೋಗುವವರಿಗೆ ಸಾಮಾನ್ಯವಾಗಿ ಎದುರಾಗುವ ಸಂಗತಿಗಳನ್ನು ಒಂದೇ ಕುಟುಂಬದ ಲೆಕ್ಕದೊಳಗೆ ತಂದು ಕಟ್ಟಿದ ಪ್ರಕರಣ. ಸಂಬಳ, ಬಾಡಿಗೆ, ದಿನಸಿ ಮತ್ತು ಶಾಲಾ ಶುಲ್ಕದ ಮೊತ್ತಗಳನ್ನು ಲೆಕ್ಕಕ್ಕೆಂದು ಹಿಡಿಯಲಾಗಿದೆ. ಆದಾಯ ತೆರಿಗೆಯ ದರಗಳು 2025-26ನೇ ಸಾಲಿನವು. ಡಾಲರ್ ಎಂದಲ್ಲೆಲ್ಲ ಆಸ್ಟ್ರೇಲಿಯಾದ ಡಾಲರ್ ಎಂದೇ ತಿಳಿಯಬೇಕು.

ತಂದೆಗೆ 41 ವರ್ಷ. ಭಾರಿ ವಾಹನಗಳ ಡೀಸೆಲ್ ಎಂಜಿನ್ ದುರಸ್ತಿಯಲ್ಲಿ ಹಲವು ವರ್ಷಗಳ ಅನುಭವ. ತಾಯಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗಳು ಹತ್ತನೇ ತರಗತಿಯಲ್ಲಿ ಓದುತ್ತಿದ್ದಳು, ಮಗ ನಾಲ್ಕನೆಯದರಲ್ಲಿದ್ದ. ತಂದೆಗೆ ಒಂದೇ ತಿಂಗಳಲ್ಲಿ ಎರಡು ಕೆಲಸಗಳ ಕರೆ ಬಂದಿತ್ತು: ಸಿಡ್ನಿಯ ಪಶ್ಚಿಮ ಭಾಗದ ಒಂದು ಕಂಪನಿ ವರ್ಷಕ್ಕೆ 88,000 ಡಾಲರ್ ಕೊಡುವುದಾಗಿ ಹೇಳಿತು, ಮೆಲ್ಬರ್ನ್‌ನ ಇನ್ನೊಂದು 84,000 ಎಂದಿತು. ಎರಡೂ 482 ಸಂಖ್ಯೆಯ ತಾತ್ಕಾಲಿಕ ಉದ್ಯೋಗ ವೀಸಾಕ್ಕೆ ಕಂಪನಿಯೇ ಪ್ರಾಯೋಜಕನಾಗುವ ಕೆಲಸಗಳು. ಸಿಡ್ನಿಯ ಕಂಪನಿ ದೊಡ್ಡದು, ಸಂಬಳವೂ 4,000 ಹೆಚ್ಚು. ಹೀಗಾಗಿ ಕುಟುಂಬದ ಒಲವು ಮೊದಲಿಗೆ ಅತ್ತ ಕಡೆಗೇ ಇತ್ತು. ಮಕ್ಕಳ ಶಾಲೆಯ ಪ್ರಶ್ನೆ ಬಂದದ್ದು ಆಮೇಲೆ, ಅದೂ ಸಿಡ್ನಿಯಲ್ಲಿ ನೆಲೆಸಿದ್ದ ಪರಿಚಿತರೊಬ್ಬರು ಫೋನಿನಲ್ಲಿ ‘ಮಕ್ಕಳ ಫೀಸು ಲೆಕ್ಕ ಹಾಕಿದ್ದೀರಾ?’ ಎಂದು ಕೇಳಿದ ಮೇಲೆ. ಸರ್ಕಾರಿ ಶಾಲೆಗೆ ಫೀಸು ಎಂಬ ಕಲ್ಪನೆಯೇ ಈ ದಂಪತಿಗೆ ಇರಲಿಲ್ಲ.

ರಾಜ್ಯ ಬದಲಾದರೆ ಶುಲ್ಕವೂ ಬದಲಾಗುತ್ತದೆ

ಆಸ್ಟ್ರೇಲಿಯಾದಲ್ಲಿ ವೀಸಾ ಕೊಡುವುದು ಕೇಂದ್ರ ಸರ್ಕಾರ, ಸರ್ಕಾರಿ ಶಾಲೆಗಳನ್ನು ನಡೆಸುವುದು ರಾಜ್ಯ ಸರ್ಕಾರಗಳು. ಒಂದೇ ವೀಸಾದಲ್ಲಿ, ಒಂದೇ ಸಂಬಳಕ್ಕೆ ದುಡಿಯುವ ಇಬ್ಬರು ಬೇರೆ ಬೇರೆ ರಾಜ್ಯಗಳಲ್ಲಿದ್ದರೆ ಒಬ್ಬರ ಮಕ್ಕಳಿಗೆ ಬೋಧನಾ ಶುಲ್ಕವೇ ಇಲ್ಲದಿರುವುದೂ, ಇನ್ನೊಬ್ಬರ ಮಕ್ಕಳಿಗೆ ಸಾವಿರಾರು ಡಾಲರ್ ಬೀಳುವುದೂ ಈ ಹಂಚಿಕೆಯ ಫಲ. 1996ರಲ್ಲಿ ಆರಂಭವಾದ 457 ವೀಸಾ 2018ರ ಮಾರ್ಚ್‌ನಲ್ಲಿ 482 ಆಯಿತು. 2024ರ ಡಿಸೆಂಬರ್‌ನಲ್ಲಿ ಅದಕ್ಕೆ ‘ಸ್ಕಿಲ್ಸ್ ಇನ್ ಡಿಮಾಂಡ್’ ಎಂಬ ಹೊಸ ಹೆಸರು ಬಂತು. ವೀಸಾದ ಹೆಸರು, ಸಂಖ್ಯೆಗಳು ಬದಲಾದರೂ ಶಾಲಾ ಶುಲ್ಕದ ವಿಷಯದಲ್ಲಿ ರಾಜ್ಯಗಳ ನಡುವಿನ ವ್ಯತ್ಯಾಸ ಹಾಗೆಯೇ ಉಳಿಯಿತು.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ಇಂಥ ವೀಸಾದವರ ಪ್ರತಿ ಮಗುವಿಗೂ ಶುಲ್ಕ ವಿಧಿಸುತ್ತದೆ, ಮೇಲಿನ ತರಗತಿಗಳಿಗೆ ಅದು ಹೆಚ್ಚು. ಪಶ್ಚಿಮ ಆಸ್ಟ್ರೇಲಿಯಾ 2015ರಲ್ಲಿ ಶುಲ್ಕ ತಂದಾಗ ಮಕ್ಕಳ ಸಂಖ್ಯೆ ಎಷ್ಟೇ ಇದ್ದರೂ ಕುಟುಂಬಕ್ಕೆ ವರ್ಷಕ್ಕೆ 4,000 ಡಾಲರ್ ಎಂದು ಗೊತ್ತುಮಾಡಿತು. ದಕ್ಷಿಣ ಆಸ್ಟ್ರೇಲಿಯಾ 2017ರಲ್ಲಿ ಕುಟುಂಬದ ಆದಾಯ ನೋಡಿ ಶುಲ್ಕ ಹಾಕುವ ದಾರಿ ಹಿಡಿಯಿತು. ಮೆಲ್ಬರ್ನ್ ಇರುವ ವಿಕ್ಟೋರಿಯಾದ ಸರ್ಕಾರಿ ಶಾಲೆಗಳಲ್ಲಿ 482 ವೀಸಾದವರ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲ. ಈ ನಿಯಮಗಳು ಆಗಾಗ ಪರಿಷ್ಕರಣೆಗೊಳ್ಳುವುದರಿಂದ, ಕೆಲಸ ಒಪ್ಪಿಕೊಳ್ಳುವ ಮೊದಲು ಆಯಾ ರಾಜ್ಯದ ಶಿಕ್ಷಣ ಇಲಾಖೆಯ ಆ ವರ್ಷದ ಪಟ್ಟಿಯಲ್ಲಿ ತಮ್ಮ ವೀಸಾದ ಸಂಖ್ಯೆಯನ್ನು ಹುಡುಕಿ ನೋಡಿಕೊಳ್ಳಬೇಕು. ನೇಮಕ ಮಾಡಿಕೊಳ್ಳುವ ಕಂಪನಿಯವರಿಗೇ ಇದು ಗೊತ್ತಿರುತ್ತದೆ ಎಂದು ನಂಬುವಂತಿಲ್ಲ. ಅವರ ಹೆಚ್ಚಿನ ನೌಕರರು ಸ್ಥಳೀಯರು, ಅವರಿಗೆ ಈ ಶುಲ್ಕದ ಪ್ರಶ್ನೆ ಬರುವುದೇ ಇಲ್ಲ.

ಕೈಗೆ ಬರುವ ಹಣದ ಲೆಕ್ಕ

ಸಿಡ್ನಿಯ 88,000ಕ್ಕೆ ಆದಾಯ ತೆರಿಗೆ 17,188 ಡಾಲರ್, ಉಳಿಯುವುದು 70,812. ಪೂರ್ತಿ ವರ್ಷ ಅಲ್ಲಿನ ತೆರಿಗೆ ನಿವಾಸಿಯಾಗಿದ್ದಾಗ ಬರುವ ಮೊತ್ತ ಇದು; ಬಂದಿಳಿದ ವರ್ಷ ತೆರಿಗೆರಹಿತ ಮಿತಿ ಪೂರ್ತಿಯಾಗಿ ಸಿಗುವುದಿಲ್ಲವಾದ್ದರಿಂದ ಆ ವರ್ಷ ತುಸು ಕಡಿಮೆ ಬರುತ್ತದೆ. ಮನೆ ಬಾಡಿಗೆ ವಾರಕ್ಕೆ 650ರಂತೆ ವರ್ಷಕ್ಕೆ 33,800, ದಿನಸಿಗೆ 13,000, ಕಾರು ಮತ್ತು ಓಡಾಟಕ್ಕೆ 6,500, ವಿದ್ಯುತ್ತು, ಫೋನು, ಇಂಟರ್ನೆಟ್ಟಿಗೆ 4,000, ವೀಸಾದ ಷರತ್ತಿನಂತೆ ಇಟ್ಟುಕೊಳ್ಳಲೇಬೇಕಾದ ಆರೋಗ್ಯ ವಿಮೆಗೆ 3,600. ಎಲ್ಲ ಸೇರಿ 60,900. ಮಿಕ್ಕದ್ದು 9,912 ಡಾಲರ್. ಮಗನಿಗೆ 6,000, ಮಗಳಿಗೆ 7,000 ಎಂದು ಶುಲ್ಕ ಹಿಡಿದರೆ 13,000 ಬೇಕು. ಅಂದರೆ ಯಾರೂ ಕಾಯಿಲೆ ಬೀಳದ, ಒಮ್ಮೆಯೂ ಊರಿಗೆ ಹೋಗದ, ಕಾರು ಕೆಡದ ವರ್ಷದಲ್ಲೂ 3,088 ಡಾಲರ್ ಕೊರತೆ.

ಮೆಲ್ಬರ್ನ್‌ನ 84,000ಕ್ಕೆ ತೆರಿಗೆ 15,988, ಕೈಗೆ ಬರುವುದು 68,012. ಎರಡು ಸಂಬಳಗಳ ನಡುವಿನ 4,000ದ ಅಂತರ ತೆರಿಗೆಯ ನಂತರ 2,800ಕ್ಕೆ ಇಳಿಯಿತು. ಬಾಡಿಗೆಯನ್ನು ವಾರಕ್ಕೆ 520 ಎಂದು ಹಿಡಿದು, ಉಳಿದ ಖರ್ಚುಗಳನ್ನು ಸಿಡ್ನಿಯಷ್ಟೇ ಇಟ್ಟರೆ ಒಟ್ಟು ಖರ್ಚು 54,140, ಮಿಗುವುದು 13,872 ಡಾಲರ್.

ಈ ಪ್ರಕರಣದಲ್ಲಿ ನನಗೆ ಮುಖ್ಯವೆನಿಸುವುದು ಇದೇ ಲೆಕ್ಕದ ಇನ್ನೊಂದು ಮುಖ. ಶಾಲಾ ಶುಲ್ಕ ಕಟ್ಟುವುದು ತೆರಿಗೆ ಕಳೆದ ಮೇಲಿನ ಹಣದಿಂದ. 45,000ದಿಂದ 1,35,000ದವರೆಗಿನ ಆದಾಯಕ್ಕೆ 30 ಶೇಕಡ ತೆರಿಗೆ ಇರುವುದರಿಂದ, 13,000 ಡಾಲರ್ ಶುಲ್ಕ ಕಟ್ಟಲು ಸಂಬಳದಲ್ಲಿ ಸುಮಾರು 18,570 ಡಾಲರ್ ಹೆಚ್ಚು ಬರಬೇಕು. ಹಾಗಾಗಿ ಶುಲ್ಕವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೂ ಮೆಲ್ಬರ್ನ್‌ನ 84,000ಕ್ಕೆ ಸಮನಾಗಲು ಸಿಡ್ನಿಯ ಸಂಬಳ 1,02,500 ದಾಟಬೇಕಿತ್ತು. ಬಾಡಿಗೆಯನ್ನೂ ಸೇರಿಸಿದರೆ 1,12,000 ದಾಟಬೇಕಿತ್ತು. ತಂದೆ ಈ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು ಸಿಡ್ನಿಯ ಕಂಪನಿಗೆ ಕಳುಹಿಸಿದರು. ಅವರು ಸ್ಥಳಾಂತರದ ವೆಚ್ಚಕ್ಕೆಂದು ಒಂದು ಸಲಕ್ಕೆ 5,000 ಡಾಲರ್ ಕೊಡಲು ಒಪ್ಪಿದರೇ ಹೊರತು ಸಂಬಳ ಏರಿಸಲಿಲ್ಲ. ಶುಲ್ಕವನ್ನು ನೇರವಾಗಿ ಕಂಪನಿಯೇ ಶಾಲೆಗೆ ಕಟ್ಟಬಹುದೇ ಎಂದು ಕೇಳಿದಾಗಲೂ ಒಲ್ಲೆ ಎಂದರು. ನೌಕರನ ಮನೆಯ ಖರ್ಚನ್ನು ಕಂಪನಿ ಭರಿಸಿದರೆ ಸಾಮಾನ್ಯವಾಗಿ ಅದರ ಮೇಲೆ ಕಂಪನಿಯೇ 47 ಶೇಕಡ ದರದ ಫ್ರಿಂಜ್ ಬೆನಿಫಿಟ್ ತೆರಿಗೆ ಕಟ್ಟಬೇಕಾಗುತ್ತದೆ. ವಿನಾಯಿತಿಯ ದಾರಿಗಳನ್ನು ಹುಡುಕಿಕೊಂಡು ಕೂರುವ ಉತ್ಸಾಹ ಒಬ್ಬ ಮೆಕ್ಯಾನಿಕ್‌ಗಾಗಿ ಯಾವ ಕಂಪನಿಗೂ ಇರುವುದಿಲ್ಲ.

ಒಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಪ್ರಾಯೋಜಕತ್ವದ ಅರ್ಜಿ, ನಾಮನಿರ್ದೇಶನದ ಶುಲ್ಕ ಮತ್ತು ತರಬೇತಿ ನಿಧಿಗೆಂದು ಸರ್ಕಾರ ವಸೂಲು ಮಾಡುವ ಹಣವನ್ನು ಉದ್ಯೋಗದಾತರೇ ಕೊಡಬೇಕು. ಅವನ್ನು ನೌಕರನ ಮೇಲೆ ಹೊರಿಸುವುದು ಕಾನೂನಿಗೆ ವಿರುದ್ಧ. ಕುಟುಂಬದ ವೀಸಾ ಅರ್ಜಿಗಳ ಶುಲ್ಕವನ್ನು ಮಾತ್ರ ಒಪ್ಪಂದದಂತೆ ಯಾರು ಬೇಕಾದರೂ ಭರಿಸಬಹುದು. ಸಂಬಳ ಏರಿಸಲು ಒಪ್ಪದ ಮೆಲ್ಬರ್ನ್‌ನ ಕಂಪನಿ ನಾಲ್ವರ ವೀಸಾ ಶುಲ್ಕವನ್ನು ತಾನೇ ಕಟ್ಟಲು ಒಪ್ಪಿತು. ಕುಟುಂಬದ ಕೈಯಲ್ಲಿ ಅದರಿಂದ ಉಳಿದದ್ದು ಸುಮಾರು 8,000 ಡಾಲರ್.

ತಳ್ಳಿಹಾಕಿದ ಎರಡು ದಾರಿಗಳು

ಸಿಡ್ನಿಯನ್ನು ಕೈಬಿಡುವ ಮೊದಲು ಅವರು ಕ್ಯಾಥೊಲಿಕ್ ಶಾಲೆಗಳನ್ನೂ ವಿಚಾರಿಸಿದರು. ಇದು ಹಲವರಿಗೆ ಹೊಳೆಯದ ದಾರಿ: ನ್ಯೂ ಸೌತ್ ವೇಲ್ಸ್‌ನಂಥ ರಾಜ್ಯದಲ್ಲಿ ಸರ್ಕಾರಿ ಶಾಲೆ ತಾತ್ಕಾಲಿಕ ವೀಸಾದವರಿಗೆ ಕೇಳುವ ಶುಲ್ಕಕ್ಕಿಂತ, ಸ್ಥಳೀಯ ಮಕ್ಕಳಿಗೆ ಹಾಕುವಷ್ಟನ್ನೇ 482 ವೀಸಾದವರಿಗೂ ಹಾಕುವ ಕ್ಯಾಥೊಲಿಕ್ ಶಾಲೆ ಅಗ್ಗವಾಗುವುದುಂಟು, ಮೇಲಾಗಿ ಎರಡನೆಯ ಮಗುವಿಗೆ ರಿಯಾಯಿತಿಯೂ ಸಿಗುವುದುಂಟು. ಶಾಲೆಯಿಂದ ಶಾಲೆಗೆ ನೀತಿ ಬೇರೆಯಾಗಿರುವುದರಿಂದ ಒಂದೊಂದನ್ನೂ ಕೇಳಿಯೇ ತಿಳಿಯಬೇಕು. ಈ ಕುಟುಂಬಕ್ಕೆ ಮಗನಿಗೆ ಜಾಗ ಸಿಕ್ಕಿತು, ಮಗಳ ತರಗತಿಯಲ್ಲಿ ಸೀಟು ಖಾಲಿ ಇರಲಿಲ್ಲ. ಪ್ರೌಢಶಾಲೆಯ ಕೊನೆಯ ವರ್ಷಗಳಲ್ಲಿ ನಡುವೆ ಬಂದು ಸೇರುವ ವಿದ್ಯಾರ್ಥಿಗೆ ಇದು ಆಗಾಗ ಎದುರಾಗುವ ತೊಡಕು.

ಎರಡನೆಯ ಸಲಹೆ ಮನೆಯ ಹಿರಿಯರದು. ಮಗಳು ಅಜ್ಜಿಯ ಮನೆಯಲ್ಲಿ ಉಳಿದು ಹನ್ನೆರಡನೇ ತರಗತಿ ಮುಗಿಸಲಿ, ಆಮೇಲೆ ಬಂದರಾಯಿತು ಎಂದರು. ಹಣದ ಲೆಕ್ಕದಲ್ಲಿ ಅದು ತಪ್ಪೇನೂ ಅಲ್ಲ. ಆದರೆ ಆಸ್ಟ್ರೇಲಿಯಾದಲ್ಲಿ ಒಂದು ದಿನವೂ ಓದದೆ ಹದಿನೆಂಟರ ಹೊತ್ತಿಗೆ ಬಂದಿಳಿಯುವ ಹುಡುಗಿ ನೇರವಾಗಿ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಲ್ಲುತ್ತಾಳೆ; ಆಗ ಕುಟುಂಬಕ್ಕೆ ಕಾಯಂ ನಿವಾಸ ಸಿಕ್ಕಿರದಿದ್ದರೆ ಅವಳದು ವಿದೇಶಿ ವಿದ್ಯಾರ್ಥಿಯ ಶುಲ್ಕ. ಹದಿನೆಂಟು ತುಂಬಿದ ಮೇಲೆ ಅವಳು ತಂದೆತಾಯಿಯ ಆಶ್ರಯದಲ್ಲೇ ಇದ್ದಾಳೆಂದು ದಾಖಲೆಗಳಿಂದ ತೋರಿಸಬೇಕಾದ ಹೊರೆಯೂ ಸೇರುತ್ತದೆ, ಮತ್ತು 23 ತುಂಬಿದರೆ ಆ ದಾರಿಯೂ ಸಾಮಾನ್ಯವಾಗಿ ಮುಚ್ಚುತ್ತದೆ. ಎರಡು ವರ್ಷದ ಶಾಲಾ ಖರ್ಚು ಉಳಿಸಲು ಹೋಗಿ ನಾಲ್ಕು ವರ್ಷದ ಕಾಲೇಜು ಖರ್ಚನ್ನು ಮೈಮೇಲೆ ಎಳೆದುಕೊಳ್ಳುವ ಸಂಭವ ಇಲ್ಲಿ ಹೆಚ್ಚು ಎಂದೇ ನನ್ನ ಅಭಿಪ್ರಾಯ. ತಾಯಿ ಈ ಸಲಹೆಯನ್ನು ನಿರಾಕರಿಸಿದ್ದು ಬೇರೆ ಕಾರಣಕ್ಕೆ, ಮಗಳನ್ನು ಬಿಟ್ಟು ಹೋಗಲು ಮನಸ್ಸಿಲ್ಲದ್ದಕ್ಕೆ. ಲೆಕ್ಕವೂ ಅವರ ಪರವಾಗಿಯೇ ಇತ್ತು.

ತಂದೆ ಮೊದಲು ಹೋದದ್ದು

ಆಸ್ಟ್ರೇಲಿಯಾದ ಶಾಲಾ ವರ್ಷ ಜನವರಿ ಕೊನೆಗೆ ಆರಂಭವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ತಂದೆಗೆ ನವೆಂಬರ್‌ನಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು, ಮಗಳ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ಇದ್ದದ್ದು ಮಾರ್ಚ್‌ನಲ್ಲಿ. ಜನವರಿಗೇ ಎಲ್ಲರೂ ಹೋದರೆ ಅಲ್ಲಿನ ತರಗತಿಗೆ ಮೊದಲ ದಿನದಿಂದ ಸೇರಬಹುದು, ಆದರೆ ಕೈಯಲ್ಲಿ ಹತ್ತನೇ ತರಗತಿಯ ಅಂಕಪಟ್ಟಿ ಇರುವುದಿಲ್ಲ. ವೀಸಾ ತಾತ್ಕಾಲಿಕ ಎಂಬುದನ್ನು ಈ ದಂಪತಿ ಗಂಭೀರವಾಗಿ ತೆಗೆದುಕೊಂಡರು. ಕೆಲಸ ಹೋಗಿ ವರ್ಷದೊಳಗೆ ವಾಪಸಾಗಬೇಕಾಗಿ ಬಂದರೆ ಭಾರತದಲ್ಲಿ ಮುಂದಿನ ತರಗತಿಗೆ ಸೇರಲು ಮಗಳಿಗೆ ಆ ಅಂಕಪಟ್ಟಿಯೇ ಆಧಾರ. ಹಾಗಾಗಿ ಪರೀಕ್ಷೆ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ತಾಯಿ ಮತ್ತು ಮಕ್ಕಳು ಹೊರಟರು. ಮಗಳು ಅಲ್ಲಿನ ಹತ್ತನೇ ವರ್ಷದ ಎರಡನೇ ಟರ್ಮಿಗೆ ಸೇರಿದಳು. ಒಂದೇ ತರಗತಿಯನ್ನು ಭಾಗಶಃ ಎರಡು ಸಲ ಓದಿದಂತಾಯಿತೆಂದು ಅವಳಿಗೆ ಬೇಸರವಿತ್ತು; ಹನ್ನೊಂದು ಮತ್ತು ಹನ್ನೆರಡನೇ ವರ್ಷಗಳ ವಿಸಿಇ (ವಿಕ್ಟೋರಿಯಾದ ಶಾಲಾಂತ್ಯದ ಪ್ರಮಾಣಪತ್ರ) ವಿಷಯಗಳನ್ನು ಆರಿಸಿಕೊಳ್ಳಲು ಸಮಯ ಸಿಕ್ಕಿದ್ದು ಅದರಿಂದಲೇ.

ತಂದೆ ಐದು ತಿಂಗಳು ಮೊದಲು ಹೋದದ್ದರಿಂದ ಇನ್ನೊಂದು ಲಾಭವಾಯಿತು. 482 ವೀಸಾದಲ್ಲಿ ಪ್ರಾಯೋಜಕರ ಬಳಿ ಎರಡು ವರ್ಷ ದುಡಿದವರು 186 ವೀಸಾದ ಮೂಲಕ ಕಾಯಂ ನಿವಾಸಕ್ಕೆ, ಅಂದರೆ ಪಿಆರ್‌ಗೆ, ಉದ್ಯೋಗದಾತರ ನಾಮನಿರ್ದೇಶನದೊಂದಿಗೆ ಅರ್ಜಿ ಹಾಕಬಹುದು; ಸಾಮಾನ್ಯವಾಗಿ ವಯಸ್ಸು 45ರೊಳಗಿರಬೇಕು. 2023ರ ನವೆಂಬರ್‌ವರೆಗೆ ಈ ಅವಧಿ ಮೂರು ವರ್ಷವಾಗಿತ್ತು. ಎರಡು ವರ್ಷದ ಎಣಿಕೆ ಶುರುವಾಗುವುದು ತಂದೆ ಕೆಲಸಕ್ಕೆ ಸೇರಿದ ದಿನದಿಂದ, ಮಕ್ಕಳು ಬಂದ ದಿನದಿಂದಲ್ಲ. ಅದರಂತೆ ಮಗಳು ಹನ್ನೊಂದನೇ ವರ್ಷ ಮುಗಿಸುವ ನವೆಂಬರ್‌ಗೆ ಅರ್ಜಿಯ ಅರ್ಹತೆ ಬರುತ್ತದೆ, ಅವಳು ಕಾಲೇಜಿಗೆ ಸೇರುವ ಮುನ್ನ ಸುಮಾರು ಹದಿನೈದು ತಿಂಗಳು ಕೈಯಲ್ಲಿರುತ್ತವೆ. ಎಲ್ಲರೂ ಒಟ್ಟಿಗೆ ಏಪ್ರಿಲ್‌ನಲ್ಲೇ ಹೋಗಿದ್ದರೆ ಹತ್ತೇ ತಿಂಗಳು ಉಳಿಯುತ್ತಿತ್ತು. ಈ ಐದು ತಿಂಗಳಿಗಾಗಿ ಎರಡು ಮನೆ ನಡೆಸಬೇಕಾಯಿತು; ತಂದೆ ವಾರಕ್ಕೆ 250 ಡಾಲರ್ ಬಾಡಿಗೆಯ ಕೋಣೆಯಲ್ಲಿದ್ದು ಮನೆಯ ಠೇವಣಿಗೂ ಹಳೆಯ ಕಾರಿಗೂ ಬೇಕಾದ ಹಣವನ್ನು ಕೂಡಿಸಿಕೊಂಡರು.

ಶುಲ್ಕವಿಲ್ಲದ ಶಾಲೆಯ ಖರ್ಚು

ವಿಕ್ಟೋರಿಯಾದಲ್ಲಿ ಬೋಧನಾ ಶುಲ್ಕವಿಲ್ಲವೆಂದರೆ ಖರ್ಚೇ ಇಲ್ಲವೆಂದಲ್ಲ. ಇಬ್ಬರ ಸಮವಸ್ತ್ರ, ಶಾಲೆ ಹೇಳಿದ ಮಾದರಿಯ ಲ್ಯಾಪ್‌ಟಾಪ್, ಪುಸ್ತಕ, ಕ್ಯಾಂಪ್ ಮತ್ತು ಪ್ರವಾಸ, ಶಾಲೆಗಳು ಪೋಷಕರಿಂದ ಕೋರುವ ಸ್ವಯಂಪ್ರೇರಿತ ವಂತಿಗೆ ಎಲ್ಲ ಸೇರಿ ಮೊದಲ ವರ್ಷಕ್ಕೆ 3,200 ಡಾಲರ್ ಎಂದು ಅವರು ತೆಗೆದಿಟ್ಟರು. ಸಮವಸ್ತ್ರವನ್ನು ಶಾಲೆಯ ಹಳೆಬಟ್ಟೆಯ ಅಂಗಡಿಯಲ್ಲಿ ಕೊಂಡದ್ದರಿಂದ ಅದರಲ್ಲಿ ಒಂದಿಷ್ಟು ಉಳಿಯಿತು. ಇದಕ್ಕಿಂತ ದೊಡ್ಡ ಖರ್ಚು ಬಾಡಿಗೆಯೊಳಗೆ ಅಡಗಿರುತ್ತದೆ. ಅಲ್ಲಿ ಮನೆಯ ವಿಳಾಸಕ್ಕೆ ಗೊತ್ತುಪಡಿಸಿದ ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಸೀಟಿನ ಹಕ್ಕು ಇರುತ್ತದೆ. ಹೆಸರುವಾಸಿ ಶಾಲೆಯ ವ್ಯಾಪ್ತಿಯಲ್ಲಿ ಬಾಡಿಗೆ ಏರಿರುವುದು ಇದೇ ಕಾರಣಕ್ಕೆ. ವಾರಕ್ಕೆ 100 ಡಾಲರ್ ಹೆಚ್ಚು ಕೊಟ್ಟು ಅಂಥ ವ್ಯಾಪ್ತಿಯೊಳಗೆ ಮನೆ ಹಿಡಿದರೆ ವರ್ಷಕ್ಕೆ 5,200 ಡಾಲರ್ ಹೋಗುತ್ತದೆ. ಕುಟುಂಬ ಆ ಆಸೆಗೆ ಬೀಳದೆ ತಂದೆಯ ಕೆಲಸದ ಜಾಗಕ್ಕೆ ಹತ್ತಿರದ, ಸಾಧಾರಣ ಹೆಸರಿನ ಶಾಲೆಯನ್ನು ಒಪ್ಪಿಕೊಂಡಿತು.

ಆದಾಯದ ಕಡೆಯಲ್ಲಿ ಅವರಿಗೆ ಹೆಚ್ಚು ನೆರವಾದದ್ದು ತಾಯಿಯ ಕೆಲಸ. 482 ವೀಸಾದಲ್ಲಿ ಸಂಗಾತಿಗೆ ಯಾವ ಕೆಲಸವನ್ನಾದರೂ ಮಾಡುವ ಅನುಮತಿ ಇದೆ. ಶಿಕ್ಷಕಿಯಾಗಲು ಅಲ್ಲಿನ ನೋಂದಣಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ; ಅಲ್ಲಿಯವರೆಗೆ ಮಕ್ಕಳೊಂದಿಗೆ ಕೆಲಸ ಮಾಡಲು ಬೇಕಾದ ಪರಿಶೀಲನಾ ಪತ್ರ ಪಡೆದು ಅವರು ಒಂದು ಶಿಶುಕೇಂದ್ರದಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ದುಡಿದರು. ಗಂಟೆಗೆ 30 ಡಾಲರ್, ವರ್ಷಕ್ಕೆ 48 ವಾರ ಎಂದರೆ 28,800. ಮೊದಲ 18,200ಕ್ಕೆ ತೆರಿಗೆಯಿಲ್ಲ, ಕಡಿಮೆ ಆದಾಯದವರಿಗೆ 700 ಡಾಲರ್‌ವರೆಗಿನ ರಿಯಾಯಿತಿಯೂ ಇದೆ. ಎಲ್ಲ ಕಳೆದು ಅವರ ಕೈಗೆ ಬರುವುದು ಸುಮಾರು 27,800. ಅದೇ 28,800 ತಂದೆಯ ಸಂಬಳಕ್ಕೆ ಸೇರಿದ್ದರೆ 20,160 ಮಾತ್ರ ಮನೆಗೆ ಬರುತ್ತಿತ್ತು. ಕೆಲಸದ ಹೊತ್ತನ್ನು ಶಾಲೆಯ ಹೊತ್ತಿಗೇ ಹೊಂದಿಸಿಕೊಂಡದ್ದು ಮಗನಿಗಾಗಿ: ಶಾಲೆ ಬಿಟ್ಟ ಮೇಲಿನ ಪಾಲನಾ ಕೇಂದ್ರಕ್ಕೆ ಸ್ಥಳೀಯರಿಗೆ ಸಿಗುವ ಸರ್ಕಾರಿ ಸಹಾಯಧನ ಈ ವೀಸಾದವರಿಗೆ ಸಿಗುವುದಿಲ್ಲ. ಮಕ್ಕಳಿರುವ ಕುಟುಂಬಗಳಿಗೆ ಕೊಡುವ ಫ್ಯಾಮಿಲಿ ಟ್ಯಾಕ್ಸ್ ಬೆನಿಫಿಟ್ ಕೂಡ ಇಲ್ಲ.

ಹೊಸದಾಗಿ ಬಂದವರ ಗಮನಕ್ಕೆ ಬಾರದ ಇನ್ನೊಂದು ಮೊತ್ತವುಂಟು. ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್‌ಗೆಂದು ಹೆಚ್ಚಿನವರಿಂದ ವಸೂಲಾಗುವ 2 ಶೇಕಡ ಲೆವಿಯಿಂದ, ಮೆಡಿಕೇರ್ ಸೌಲಭ್ಯಕ್ಕೆ ಅರ್ಹರಲ್ಲದ ತಾತ್ಕಾಲಿಕ ನಿವಾಸಿಗಳು ಪ್ರಮಾಣಪತ್ರ ಪಡೆದು ವಿನಾಯಿತಿ ಕೇಳಬಹುದು. 84,000ದ ಸಂಬಳದಲ್ಲಿ ಅದು 1,680 ಡಾಲರ್. ಮೇಲಿನ ಲೆಕ್ಕಗಳೆಲ್ಲ ಈ ವಿನಾಯಿತಿ ಸಿಕ್ಕಿದೆ ಎಂದುಕೊಂಡೇ ಹಾಕಿದವು. ಕೇಳದಿದ್ದರೆ ಅದು ತಾನಾಗಿ ಬರುವುದಿಲ್ಲ. ಭಾರತದಲ್ಲಿ ಮಕ್ಕಳ ಓದಿಗೆ ಪಿಎಫ್ ಹಣ ತೆಗೆದು ರೂಢಿಯಿರುವವರು ಅಲ್ಲಿನ ಸೂಪರ್ (ನಿವೃತ್ತಿ ನಿಧಿ) ಖಾತೆಯನ್ನು ಹಾಗೆಯೇ ಎಣಿಸಬಾರದು. ಉದ್ಯೋಗದಾತರು ಸಂಬಳದ 12 ಶೇಕಡದಷ್ಟನ್ನು ಅದಕ್ಕೆ ತುಂಬುತ್ತಾರಾದರೂ ಶಾಲೆಯ ಖರ್ಚಿಗೆ ಅದನ್ನು ತೆಗೆಯುವಂತಿಲ್ಲ, ದೇಶ ಬಿಟ್ಟು ಹೋದ ಮೇಲೆ ಪಡೆಯುವಾಗ ಸಾಮಾನ್ಯವಾಗಿ 35 ಶೇಕಡ ತೆರಿಗೆ ಕಡಿತವಾಗುತ್ತದೆ.

ಕೆಲಸ ಹೋದರೆ ಏನು ಎಂಬುದಕ್ಕೆ ಅವರು ಬೇರೆಯದೇ ಖಾತೆ ಇಟ್ಟರು. 2024ರ ಜುಲೈಯಿಂದ ಈ ವೀಸಾದವರಿಗೆ ಕೆಲಸ ಬಿಟ್ಟ ಮೇಲೆ ಹೊಸ ಪ್ರಾಯೋಜಕರನ್ನು ಹುಡುಕಿಕೊಳ್ಳಲು ಒಮ್ಮೆಗೆ 180 ದಿನಗಳ ಅವಕಾಶವಿದೆ; ಮೊದಲು ಅದು 60 ದಿನವಾಗಿತ್ತು. ಮಕ್ಕಳು ಒಂದು ಟರ್ಮನ್ನಾದರೂ ಅದೇ ಶಾಲೆಯಲ್ಲಿ ಮುಗಿಸಲಿ ಎಂಬ ಉದ್ದೇಶದಿಂದ ಮೂರು ತಿಂಗಳ ಖರ್ಚಾದ 13,500 ಡಾಲರ್ ಕೂಡುವವರೆಗೆ ಬೇರೆ ಯಾವ ಉಳಿತಾಯಕ್ಕೂ ಕೈಹಾಕಲಿಲ್ಲ. ತಾಯಿಯ ಗಳಿಕೆಯಿಂದ ಅದು ಮೊದಲ ವರ್ಷದೊಳಗೇ ಕೂಡಿತು. ಹೊಸ ಕೆಲಸ ಬೇರೆ ರಾಜ್ಯದಲ್ಲಿ ಸಿಕ್ಕರೆ ಶಾಲಾ ಶುಲ್ಕದ ಲೆಕ್ಕವನ್ನೂ ಮಗಳ ವಿಸಿಇ ವಿಷಯಗಳನ್ನೂ ಮತ್ತೆ ಮೊದಲಿನಿಂದ ನೋಡಬೇಕಾಗುತ್ತದೆ. ಆ ಅಪಾಯಕ್ಕೆ ಹಣ ಕೂಡಿಡುವುದೊಂದೇ ಪರಿಹಾರವಲ್ಲವಾದ್ದರಿಂದ, ಹನ್ನೆರಡನೇ ವರ್ಷ ಮುಗಿಯುವವರೆಗೆ ವಿಕ್ಟೋರಿಯಾದ ಆಚೆಗಿನ ಕೆಲಸ ತಂದೆ ಒಬ್ಬರೇ ಹೋಗಿ ಮಾಡುವಂಥದ್ದಾಗಿದ್ದರೆ ಮಾತ್ರ ಒಪ್ಪುವುದೆಂದು ಗೊತ್ತುಮಾಡಿಕೊಂಡರು.

ಶಾಲೆ ಮುಗಿದ ಮೇಲೆ

ಉಳಿತಾಯದ ಮುಂದಿನ ಗುರಿ ಮಗಳ ವಿಶ್ವವಿದ್ಯಾಲಯ. ಸರ್ಕಾರಿ ಸಹಾಯದ ಸೀಟಿನಲ್ಲಿ ವಿದ್ಯಾರ್ಥಿಯ ಪಾಲು 2025ರಲ್ಲಿ ಪೂರ್ಣಾವಧಿಯ ಒಂದು ವರ್ಷಕ್ಕೆ ನರ್ಸಿಂಗ್‌ಗೆ 4,627, ಎಂಜಿನಿಯರಿಂಗ್‌ಗೆ 9,314 ಡಾಲರ್‌ವರೆಗೆ ಇತ್ತು. ವಿದೇಶಿ ವಿದ್ಯಾರ್ಥಿಗಳ ಶುಲ್ಕ ಇದರ ಹಲವು ಪಟ್ಟು. ತಾತ್ಕಾಲಿಕ ವೀಸಾದವರ ಮಗಳಿಗೆ ಎರಡನೆಯದೇ ಅನ್ವಯಿಸುತ್ತದೆ. ಪಿಆರ್ ಸಿಕ್ಕರೆ ಸರ್ಕಾರಿ ಸಹಾಯದ ಸೀಟು ಸಿಗಬಹುದು, ಆದರೆ ಶುಲ್ಕ ಕಟ್ಟಲು ಸರ್ಕಾರ ನಾಗರಿಕರಿಗೆ ಕೊಡುವ ‘ಹೆಕ್ಸ್-ಹೆಲ್ಪ್’ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ತನ್ನ ಪಾಲಿನ ಶುಲ್ಕವನ್ನು ಆಯಾ ಸೆಮಿಸ್ಟರಿನಲ್ಲೇ ಕಟ್ಟಬೇಕು. ಪಿಆರ್ ಬಂದರೆ ಎಲ್ಲವೂ ಸಾಲದ ಮೇಲೆ ನಡೆಯುತ್ತದೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ.

ಕುಟುಂಬದ ಯೋಜನೆ ಈಗ ಇಷ್ಟು. ಎರಡು ವರ್ಷ ತುಂಬುವ ನವೆಂಬರ್‌ಗೆ ಬೇಕಾಗುವ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಪೊಲೀಸ್ ಪರಿಶೀಲನಾ ಪತ್ರಗಳು ಮತ್ತು ಸಂಬಳದ ದಾಖಲೆಗಳನ್ನು ಮೊದಲೇ ಜೋಡಿಸಿಟ್ಟು, ಅರ್ಹತೆ ಬಂದ ವಾರದಲ್ಲೇ ಅರ್ಜಿ ಹಾಕುವುದು. ಆಸ್ಟ್ರೇಲಿಯಾದಲ್ಲಿದ್ದುಕೊಂಡು ಪಿಆರ್‌ಗೆ ಅರ್ಜಿ ಹಾಕಿದವರು ಮೆಡಿಕೇರ್‌ಗೆ ಹೆಸರು ನೋಂದಾಯಿಸಬಹುದಾದ್ದರಿಂದ ಅಲ್ಲಿಂದ ಮುಂದೆ ವಿಮೆಯ ಹೊರೆ ಇಳಿಯುತ್ತದೆ, ಲೆವಿಯ ವಿನಾಯಿತಿಯೂ ನಿಲ್ಲುತ್ತದೆ; 3,600 ಉಳಿದು 1,680 ಹೋಗುತ್ತದೆ, ಆ ವ್ಯತ್ಯಾಸ ಮಗಳ ಕಾಲೇಜಿನ ಖಾತೆಗೆ ಸೇರುತ್ತದೆ. ಸೆಮಿಸ್ಟರಿನ ಸೆನ್ಸಸ್ ದಿನಾಂಕದಂದು, ಅಂದರೆ ವಿಶ್ವವಿದ್ಯಾಲಯದ ದಾಖಲಾತಿ ಅಂತಿಮವಾಗುವ ದಿನ, ಯಾವ ವೀಸಾ ಇರುತ್ತದೆಯೋ ಅದರಂತೆ ಆ ಸೆಮಿಸ್ಟರಿನ ಶುಲ್ಕ ನಿರ್ಧಾರವಾಗುತ್ತದೆ. ಪಿಆರ್ ಆ ದಿನ ದಾಟಿ ಬಂದರೆ ಕಟ್ಟಿದ್ದು ಹಿಂದಿರುಗುವುದಿಲ್ಲ. ಆದ್ದರಿಂದ ಮಗಳು ಜುಲೈನಲ್ಲೂ ಪ್ರವೇಶ ಕೊಡುವ ಕೋರ್ಸುಗಳನ್ನೇ ತನ್ನ ಆಯ್ಕೆಯ ಪಟ್ಟಿಯ ಮೇಲ್ಭಾಗದಲ್ಲಿ ಇಟ್ಟುಕೊಂಡಿದ್ದಾಳೆ. ಫೆಬ್ರವರಿಯೊಳಗೆ ಪಿಆರ್ ಬಾರದಿದ್ದರೆ ಆರು ತಿಂಗಳು ಕೆಲಸ ಮಾಡಿ ಜುಲೈಗೆ ಸೇರುವುದು, ಜುಲೈಗೂ ಬಾರದಿದ್ದರೆ ಮುಂದಿನ ಫೆಬ್ರವರಿವರೆಗೆ ಕಾಯುವುದು, ಯಾವ ಕಾರಣಕ್ಕೂ ವಿದೇಶಿ ವಿದ್ಯಾರ್ಥಿಯ ಶುಲ್ಕ ಕಟ್ಟಲು ಸಾಲ ಮಾಡದಿರುವುದು ಎಂದು ನಾಲ್ವರೂ ಕೂತು ಒಪ್ಪಿಕೊಂಡಿದ್ದಾರೆ.